ಟೊಂಕದ ನೋವಿಗೆ ಮನಸ್ಸಿನ ಭಾರ

ಈ ಸಲ ರಬಕವಿಯ ಸೋದರಿಯೊಬ್ಬರ ಪತ್ರ. ಮನೆಯಲ್ಲಿ ಎರಡು ಮಗ್ಗ, ಹಗಲೆಲ್ಲ ಕಂಡಿಕೆ ಸುತ್ತುವ ಕೆಲಸ. “ಟೊಂಕ ಹಿಡ್ಕೊಂಡು ವರ್ಷಾತು. ನಾಟಿ ವೈದ್ಯರ ಕಡೆ ನಾಲ್ಕು ಸಲ ತೀಡಿಸಿಕೊಂಡು ಬಂದೆ. ಎರಡು ದಿನ ಹಗುರ, ಮತ್ತ ಅದೇ ಪಾಡು. ಎಕ್ಸ್‌ರೇದಾಗ ಏನೂ ಇಲ್ಲಂತ. ಅತ್ತಿಯವರು ಕೆಲಸಗಳ್ಳಿ ಅಂತಾರ.” ಕೊನೆಗೆ ಮರೆತವರಂತೆ ಒಂದು ಸಾಲು: ನೂಲಿನ ಸಾಲ ತೀರಿಲ್ಲ, ರಾತ್ರಿ ನಿದ್ದೆ ಹತ್ತೂದಿಲ್ಲ.

ತಂಗೀ, ಆ ಕೊನೆಯ ಸಾಲನ್ನು ವೈದ್ಯರಿಗೆ ಹೇಳಿದಿರಾ?

ಚಿಂತೆ ಹತ್ತಿದಾಗ ಹೆಗಲು, ಟೊಂಕದ ಸ್ನಾಯುಗಳು ನಮಗರಿಯದೆ ಬಿಗಿಯುತ್ತವೆ. ಹಾಗೆಯೇ ತಾಸುಗಟ್ಟಲೆ ಬಗ್ಗಿ ಕುಳಿತರೆ ನೋಯದೆ ಇರುತ್ತದೆಯೇ? ನಿದ್ದೆಗೆಟ್ಟ ದೇಹಕ್ಕೆ ಸಣ್ಣ ನೋವೂ ದೊಡ್ಡದು. ನೋವಿಗೆ ಹೆದರಿ ಅಲುಗದೆ ಕುಳಿತರೆ ಬೆನ್ನು ಇನ್ನಷ್ಟು ಸೆಟೆಯುತ್ತದೆ. ಚಿಂತೆಯಿಂದ ಹೆಚ್ಚಿದ ನೋವು ಸುಳ್ಳು ನೋವಲ್ಲ. ಈ ಪುಟವನ್ನು ಅತ್ತೆಯವರಿಗೂ ಓದಿ ಹೇಳಿ.

ಬೆನ್ನುಮೂಳೆಯನ್ನು ಕೈಯಿಂದ ಒತ್ತಿ ಸರಿಪಡಿಸುವ ‘ಕೈರೊಪ್ರಾಕ್ಟಿಕ್’ ಎಂಬ ಪದ್ಧತಿಯನ್ನು ಅಮೆರಿಕದಲ್ಲಿ 1895ರಲ್ಲಿ ಡಿ. ಡಿ. ಪಾಮರ್ ಶುರುಮಾಡಿದ. ಬಹುತೇಕ ರೋಗಗಳಿಗೆ ಬೆನ್ನುಮೂಳೆಯೇ ಮೂಲ ಎಂದ ಅವನ ಮಾತನ್ನು ವಿಜ್ಞಾನ ಒಪ್ಪಲಿಲ್ಲ. ಆದರೆ ಬಹುಕಾಲದ ಟೊಂಕನೋವಿಗೆ ಇಂಥ ಕೈಚಿಕಿತ್ಸೆಯಿಂದ ಕೆಲವರಿಗೆ ಗುಣ ಉಂಟು. ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಕೊಟ್ಟ ಸಲಹೆಯಲ್ಲಿ ಅದರ ಜೊತೆಗೆ ವ್ಯಾಯಾಮವನ್ನೂ ಮನಸ್ಸಿಗೆ ಬೇಕಾದ ಚಿಕಿತ್ಸೆಯನ್ನೂ ಸೇರಿಸಿದೆ. ಬರೀ ತೀಡಿಸಿಕೊಂಡು ಬಂದು ಅದೇ ಚಿಂತೆಯೊಳಗೆ ಕುಳಿತರೆ ಎರಡು ದಿನದ ಸುಖವೇ ಸೈ.

ಇನ್ನು ಮುಂದೆ ಯಾರ ಹತ್ತಿರ ಹೋದರೂ ನಿದ್ದೆ, ಸಾಲ, ಮನೆಯ ಮಾತು ಎಲ್ಲವನ್ನೂ ಹೇಳಿ. ಅರ್ಧ ತಾಸಿಗೊಮ್ಮೆ ಕಂಡಿಕೆ ಬಿಟ್ಟು ಎದ್ದು ನಾಲ್ಕು ಹೆಜ್ಜೆ ಹಾಕಿ. ಸಂಜೆ ಓಣಿಯ ಗೆಳತಿಯ ಜೊತೆ ನಡೆದು ಬನ್ನಿ. ಕಾಲಿನ ಜೊತೆ ಮಾತೂ ಸಡಿಲಾಗಲಿ. ಮಲಗುವಾಗ ಮೊಣಕಾಲು ಮಡಚಿ, ಹೊಟ್ಟೆ ಉಬ್ಬುವಂತೆ ಹತ್ತು ಸಲ ನಿಧಾನ ಉಸಿರಾಡಿ. ಸಾಲದ ಲೆಕ್ಕ ಯಜಮಾನರ ಜೊತೆ ಹಗಲಿನಲ್ಲಿ ಕೂತು ಮಾಡಿ, ಹಾಸಿಗೆಯ ಮೇಲೆ ಬೇಡ. ಇಷ್ಟಾದರೂ ಮನಸ್ಸು ಕುಗ್ಗಿಯೇ ಇದ್ದರೆ ಸರಕಾರಿ ಆಸ್ಪತ್ರೆಯಲ್ಲಿ ಕೇಳಿ, ನಾಚಿಕೆ ಬೇಡ.

ಒಂದು ಎಚ್ಚರಿಕೆ. ಕುತ್ತಿಗೆಯನ್ನು ಒಮ್ಮೆಲೇ ತಿರುವಿಸಿಕೊಳ್ಳಬೇಡಿ. ಅಪರೂಪಕ್ಕೆ ಮೆದುಳಿಗೆ ಹೋಗುವ ರಕ್ತನಾಳ ಹರಿದು ಲಕ್ವ ಹೊಡೆದದ್ದುಂಟು. ಕಾಲು ಜೋಮು ಹಿಡಿದು ಶಕ್ತಿ ಕುಂದಿದರೆ, ಮೂತ್ರದ ಹಿಡಿತ ತಪ್ಪಿದರೆ, ಜ್ವರ ಬಂದರೆ ಅಂದೇ ಆಸ್ಪತ್ರೆಗೆ ಹೋಗಿ. ಅಲ್ಲಿಯವರೆಗೆ ಯಾರಿಂದಲೂ ತೀಡಿಸಿಕೊಳ್ಳಬೇಡಿ.