ಬಳೆ ಮಾರುವ ಮುನ್ನ

ಶಿಡ್ಲಘಟ್ಟ ತಾಲೂಕಿನ ಸಾದಲಿಯ ಸಹೋದರಿಯೊಬ್ಬರು ಕೇಳಿದ್ದಾರೆ: “ರೇಷ್ಮೆಗೂಡಿನ ಫೋಟೋ ತೆಗೆದರೆ ಬಿಳುಪೆಲ್ಲ ಬೂದಾಗುತ್ತದೆ. ಬಳೆ ಮಾರಿ ಹೊಸ ಲೆನ್ಸ್ ಕೊಳ್ಳಲೇ?”

ಬೇಡ ಸಹೋದರಿ. ಲೆನ್ಸ್ ಬದಲಿಸಿದರೂ ಆ ಬೂದು ಹೋಗದು. ಎದುರಿಗಿರುವುದು ಬಿಳಿಯೋ ಕಪ್ಪೋ ಎಂದು ಕ್ಯಾಮರಾದ ಬೆಳಕಿನ ಮಾಪಕಕ್ಕೆ ತಿಳಿಯದು. ಎಲ್ಲವನ್ನೂ ಬೂದಿಗೇ ಹೊಂದಿಸುತ್ತದೆ. ಎಕ್ಸ್‌ಪೋಶರ್ ಕಾಂಪೆನ್ಸೇಶನನ್ನು +1ಕ್ಕೆ ಏರಿಸಿ ನೋಡಿ. ಬೆಳಕು ಕಿಟಕಿಯಿಂದ ಓರೆಯಾಗಿ ಬೀಳಲಿ, ಗೂಡಿನ ಎಳೆಗಳು ಎದ್ದು ಕಾಣುತ್ತವೆ. ಗೂಡು ಅಲುಗುವುದಿಲ್ಲ, ಕ್ಯಾಮರಾವನ್ನು ಮೇಜಿನ ಮೇಲೆ ಭದ್ರವಾಗಿಟ್ಟು, ಐಎಸ್‌ಓ 100ರಲ್ಲಿ ಟೈಮರ್ ಹಾಕಿ, ನಿಧಾನ ಶಟರಿನಲ್ಲಿ ತೆಗೆಯಿರಿ.

11ನೇ ಶತಮಾನದಲ್ಲಿ ಇಬ್ನುಲ್ ಹೈಸಮ್ ಕತ್ತಲ ಕೋಣೆಯ ಸಣ್ಣ ರಂಧ್ರದಿಂದಲೇ ಬೆಳಕಿನ ನಡೆಯನ್ನು ಪರೀಕ್ಷಿಸಿದ್ದರು. ನೀವೂ ಮೊದಲು ಬೆಳಕನ್ನು ಅರಿಯಿರಿ. ಮಬ್ಬು ಬೆಳಕಿನಲ್ಲಿ ಓಡುವ ಮಕ್ಕಳನ್ನು ಹಿಡಿಯಬೇಕಾದಾಗ ಲೆನ್ಸಿನ ಯೋಚನೆ ಮಾಡೋಣ. ಅಲ್ಲಿಯವರೆಗೆ ಬಳೆ ಕೈಯಲ್ಲೇ ಇರಲಿ.