ಹಳೆಯ ಬೈಸಿಕಲ್ಲಿನ ಬಾಗಿದ ಚೌಕಟ್ಟು

ಕಳೆದ ವರ್ಷ ಮಾಗಡಿಯ ಕಡೆಯ ಹಳ್ಳಿಯೊಂದರಿಂದ ಕಾಲೇಜಿಗೆ ಬರುವ ನನ್ನ ವಿದ್ಯಾರ್ಥಿಯೊಬ್ಬನು ಸಾವಿರದ ಐನೂರು ರೂಪಾಯಿಗೆ ಹಳೆಯ ಬೈಸಿಕಲ್ಲೊಂದನ್ನು ಕೊಂಡು ತಂದು, "ಸಾರ್, ಇದನ್ನು ಒಮ್ಮೆ ನೋಡಿ" ಎಂದು ನನ್ನೆದುರಿಗೆ ನಿಲ್ಲಿಸಿದನು. ಹೊಸದಾಗಿ ಬಳಿದ ನೀಲಿ ಬಣ್ಣ ಥಳಥಳಿಸುತ್ತಿತ್ತು. ಹ್ಯಾಂಡಲಿನ ಹಿಂದೆ, ಕೆಳಗಿನ ಓರೆ ಕೊಳವೆಯ ಅಡಿಯಲ್ಲಿ ಬೆರಳಾಡಿಸಿದಾಗ ಅಕ್ಕಿಯ ಕಾಳಿನಷ್ಟು ಎತ್ತರದ ಒಂದು ಮಡಿಕೆ ತಗುಲಿತು. ವಾಹನವು ಎಂದೋ ಯಾವುದಕ್ಕೋ ನೇರವಾಗಿ ಡಿಕ್ಕಿ ಹೊಡೆದಿತ್ತು. ಯಾರೋ ಅದನ್ನು ಎಳೆದು ನೆಟ್ಟಗೆ ಮಾಡಿ ಬಣ್ಣ ಹಚ್ಚಿದ್ದರು. ಇದನ್ನು ಏರಬಾರದೆಂದು ಹೇಳಿದೆನು. ಮರುದಿನ ಅವನ ತಂದೆಯೇ ಬಂದರು.

"ಮೇಷ್ಟ್ರೇ, ಗಾಡಿ ಅಚ್ಚು ಸೊಟ್ಟಗಾದ್ರೆ ಕಾಯಿಸಿ ಬಡಿದು ನೆಟ್ಟಗೆ ಮಾಡ್ತೀವಿ. ಮಾರಿದೋನು ಇದನ್ನ ಒಂದು ವರ್ಷ ಓಡಿಸವ್ನಂತೆ, ಏನೂ ಆಗಿಲ್ಲ. ಇದೇನು ಮಹಾ?"

ನೆಟ್ಟಗಾಗಿದೆ ಎಂಬುದು ಒಂದು ವಾದ. ಇಷ್ಟು ದಿನ ಓಡಿದೆ ಎಂಬುದು ಇನ್ನೊಂದು. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ಯಾವ ಸೈಕಲ್ ಅಂಗಡಿಯ ಮುಂದೆ ನಿಂತರೂ ಇವೆರಡೂ ಕಿವಿಗೆ ಬೀಳುತ್ತವೆ. ನನ್ನ ಅಭಿಪ್ರಾಯದಲ್ಲಿ ಎರಡೂ ತಪ್ಪು. ಎರಡನೆಯದು ತಪ್ಪಷ್ಟೇ ಅಲ್ಲ, ಅಪಾಯಕರ.

ಇದು ಒಬ್ಬ ಹುಡುಗನ ಪ್ರಶ್ನೆಯಲ್ಲ. ನಮ್ಮ ರಾಜ್ಯ ಸರ್ಕಾರವು 2006-07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತವಾಗಿ ಬೈಸಿಕಲ್ ಕೊಡುವ ಯೋಜನೆಯನ್ನು ಆರಂಭಿಸಿತು. 2020ರ ಸೋಂಕಿನ ಕಾಲದಲ್ಲಿ ಆ ವಿತರಣೆ ನಿಂತಿತು. ಹೀಗೆ ಬಂದ ವಾಹನಗಳು ಅಕ್ಕನಿಂದ ತಮ್ಮನಿಗೆ, ತಮ್ಮನಿಂದ ಅಂಗಡಿಗೆ, ಅಂಗಡಿಯಿಂದ ಇನ್ನೊಂದು ಮನೆಗೆ ಕೈ ಬದಲಾಯಿಸುತ್ತ ಬಂದಿವೆ. ಶಾಲೆಗೆ ಹೋಗುವುದರ ಜೊತೆಗೆ ಹಾಲಿನ ಕ್ಯಾನು, ಹಿಪ್ಪುನೇರಳೆ ಸೊಪ್ಪಿನ ಹೊರೆ, ಹಿಂದೆ ಕುಳಿತ ತಂಗಿ, ಎಲ್ಲವನ್ನೂ ಅವು ಹೊತ್ತಿವೆ.

ಮೊದಲು ನೆಟ್ಟಗಾದ ವಿಚಾರ. ಉಕ್ಕಿಗೆ ಒಂದು ಸ್ಥಿತಿಸ್ಥಾಪಕ ಮಿತಿಯುಂಟು. ಅದರೊಳಗೆ ಬಾಗಿಸಿ ಬಿಟ್ಟರೆ ಅದು ತನ್ನ ಆಕಾರಕ್ಕೆ ತಾನೇ ಮರಳುತ್ತದೆ. ಮಿತಿ ದಾಟಿದರೆ ಬಾಗಿದಂತೆಯೇ ಉಳಿಯುತ್ತದೆ. ವಿದ್ಯಾರ್ಥಿಗಳು ಒಂದು ಕಾಗದದ ಕ್ಲಿಪ್ಪನ್ನು ಚೆನ್ನಾಗಿ ಬಾಗಿಸಿ ಮತ್ತೆ ನೆಟ್ಟಗೆ ಮಾಡಿ ನೋಡಬಹುದು. ಎಷ್ಟು ಜಾಗರೂಕತೆಯಿಂದ ಮಾಡಿದರೂ ಬಾಗಿದ ಜಾಗದಲ್ಲಿ ಸಣ್ಣ ಗೂನು ಉಳಿದೇ ಉಳಿಯುವುದು. ಬಾಗಿದ ಲೋಹವು ಆ ಸ್ಥಳದಲ್ಲಿ ಗಡುಸಾಗಿರುತ್ತದೆ. ಹಿಂದಕ್ಕೆ ಬಾಗಿಸುವಾಗ ಅದರ ಪಕ್ಕದ ಮೆದುವಾದ ಭಾಗವೇ ಬಾಗುತ್ತದೆ. ಗಡುಸಾದ ಲೋಹ ಇನ್ನಷ್ಟು ಬಾಗಲಾರದು, ಸೀಳುವುದು. ಕ್ಲಿಪ್ಪನ್ನು ಕೆಲವು ಸಲ ಹೀಗೆ ಆಡಿಸಿದರೆ ಮುರಿಯುತ್ತದೆ. ಗಾಡಿಯ ಅಚ್ಚು ಗಟ್ಟಿ ಕಂಬಿ. ಕುಲುಮೆಯಲ್ಲಿ ಕೆಂಪಗೆ ಕಾಯಿಸಿದಾಗ ಅದರ ಗಡುಸುತನ ಕಳೆಯುತ್ತದೆ. ಬೈಸಿಕಲ್ಲಿನದು ಟೊಳ್ಳು ಕೊಳವೆ, ಗೋಡೆಯ ದಪ್ಪ ಸಾಮಾನ್ಯವಾಗಿ ಒಂದೆರಡು ಮಿಲಿಮೀಟರನ್ನು ಮೀರದು. ಅಂಗಡಿಯಲ್ಲಿ ಅದನ್ನು ಕಾಯಿಸದೆ ತಣ್ಣಗಿರುವಾಗಲೇ ಎಳೆದು ನೆಟ್ಟಗೆ ಮಾಡುತ್ತಾರೆ. ಆ ತಂದೆಯ ಹೋಲಿಕೆ ನಿಲ್ಲದಿರುವುದು ಇಲ್ಲಿ.

ಇನ್ನು, ಒಂದು ವರ್ಷ ಓಡಿತೆಂಬ ವಾದ. 1842ರ ಮೇ ತಿಂಗಳಲ್ಲಿ ವೆರ್ಸೈಲ್ಸ್‌ನಿಂದ ಪ್ಯಾರಿಸಿಗೆ ಹೋಗುತ್ತಿದ್ದ ರೈಲುಗಾಡಿಯ ಎಂಜಿನಿನ ಅಚ್ಚೊಂದು ಮುರಿದು ಐವತ್ತಕ್ಕೂ ಹೆಚ್ಚು ಜನರು ಸತ್ತರು. ಅದುವರೆಗೆ ಭಾರವನ್ನು ಹೊತ್ತು ಓಡಿದ್ದ ಅಚ್ಚೇ ಅದು. ಇಂತಹ ಮುರಿತಗಳ ನಿಯಮವನ್ನು ಮುಂದಿನ ದಶಕಗಳಲ್ಲಿ ಜರ್ಮನಿಯ ರೈಲ್ವೆ ಎಂಜಿನಿಯರ್ ಆಗಸ್ಟ್ ವೋಲರ್ ಪ್ರಯೋಗಗಳಿಂದ ತೋರಿಸಿಕೊಟ್ಟನು. ಒಮ್ಮೆಗೆ ಏನೂ ಮಾಡದ ಪೀಡನವೂ ಲಕ್ಷಾಂತರ ಸಲ ಮರುಕಳಿಸಿದರೆ ಲೋಹವನ್ನು ಮುರಿಯಬಲ್ಲದು. ಲೋಹದ ದಣಿವೆಂದರೆ ಇದೇ. ಉಕ್ಕಿನ ವಿಷಯದಲ್ಲಿ ಒಂದು ಸಮಾಧಾನವೂ ಇದೆ: ಪೀಡನವು ಒಂದು ಮಟ್ಟಕ್ಕಿಂತ ಕಡಿಮೆಯಿದ್ದರೆ ಅದು ಬಹುಕಾಲ ದಣಿಯದು. ಆರೋಗ್ಯವಾದ ಹಳೆಯ ಚೌಕಟ್ಟುಗಳು ತಾತನಿಂದ ಮೊಮ್ಮಗನವರೆಗೆ ಬಾಳುವುದು ಇದರಿಂದಲೇ. ಆದರೆ ಬಿರುಕು ಇದ್ದರೆ ಈ ಸಮಾಧಾನ ಸಲ್ಲದು. 1913ರಲ್ಲಿ ಕೇಂಬ್ರಿಜ್ಜಿನ ಇಂಗ್ಲಿಸ್ ಎಂಬ ವಿದ್ವಾಂಸನು ಒಂದು ಲೆಕ್ಕವನ್ನು ಪ್ರಕಟಿಸಿದನು. ಅಗಲಕ್ಕಿಂತ ಹತ್ತು ಪಟ್ಟು ಉದ್ದವಾದ ಅಂಡಾಕಾರದ ರಂಧ್ರ ಹಲಗೆಯಲ್ಲಿದ್ದು, ಅದಕ್ಕೆ ಅಡ್ಡಲಾಗಿ ಎಳೆದರೆ, ರಂಧ್ರದ ತುದಿಯಲ್ಲಿ ಪೀಡನವು ದೂರದಲ್ಲಿರುವುದರ 21 ಪಟ್ಟಾಗುವುದು! ಬಿರುಕಿನ ತುದಿ ಇದಕ್ಕಿಂತಲೂ ಹರಿತ.

ನಮ್ಮ ಹುಡುಗನ ಲೆಕ್ಕ ಹಾಕೋಣ. ಹೋಗಿಬರಲು ದಿನಕ್ಕೆ 12 ಕಿಲೋಮೀಟರು; ಪೆಡಲಿನ ಒಂದು ಸುತ್ತಿಗೆ ಸುಮಾರು ಐದೂವರೆ ಮೀಟರು. ದಿನಕ್ಕೆ ಹೆಚ್ಚುಕಡಿಮೆ 4,400 ತುಳಿತ, 200 ದಿನಗಳಲ್ಲಿ ಸುಮಾರು 9 ಲಕ್ಷ. ರಸ್ತೆಯ ಗುಂಡಿ, ಉಬ್ಬುಗಳ ಏಟು ಬೇರೆ. ಅವಕ್ಕೆ ನಮ್ಮಲ್ಲಿ ಬರವಿಲ್ಲ. ಹೀಗಿರಲು, ಗಾಯಗೊಂಡ ಚೌಕಟ್ಟು ಒಂದು ವರ್ಷ ಓಡಿದೆಯೆಂದರೆ ಅದು ಗಟ್ಟಿಯಾಗಿದೆ ಎಂದಲ್ಲ, ಉಳಿದ ಆಯುಸ್ಸಿನಲ್ಲಿ ಒಂದು ವರ್ಷ ಖರ್ಚಾಗಿದೆ ಎಂದೇ ಅರ್ಥ.

ಗಾಯವು ಎಲ್ಲಿದೆ ಎಂಬುದು ಎಷ್ಟಿದೆ ಎಂಬುದಕ್ಕಿಂತ ಮುಖ್ಯ. ಬೈಸಿಕಲ್ಲು ಎರಡು ಚಕ್ರಗಳ ಮೇಲೆ ಮಲಗಿಸಿದ ತೊಲೆಯಂತೆ. ಸವಾರನ ಭಾರಕ್ಕೆ ಮೇಲಿನ ಕೊಳವೆ ಅದುಮಿಕೊಳ್ಳುತ್ತದೆ, ಕೆಳಗಿನ ಓರೆ ಕೊಳವೆ ಎಳೆತಕ್ಕೆ ಒಳಗಾಗುತ್ತದೆ. ಡಿಕ್ಕಿಯಲ್ಲಿ ಇದು ತಿರುವುಮುರುವು: ಮುಂಚಕ್ರ ಹಿಂದಕ್ಕೆ ತಳ್ಳಲ್ಪಟ್ಟು ಓರೆ ಕೊಳವೆಯ ತಲೆಯ ಅಡಿಭಾಗ ಮಡಿಚಿಕೊಳ್ಳುತ್ತದೆ. ಅಂದರೆ ಡಿಕ್ಕಿ ಎಲ್ಲಿ ಮಡಿಕೆಯನ್ನು ಬಿಟ್ಟಿತೋ ಅದೇ ಜಾಗವನ್ನು ಪ್ರತಿಯೊಂದು ಗುಂಡಿಯೂ ಎಳೆದು ಬಿಡಿಸುತ್ತದೆ. ಹಿಂಭಾಗದ ಕೊಳವೆಯಲ್ಲಿ ಬಿರುಕು ಬಿಟ್ಟರೆ ಕಿರುಗುಟ್ಟುವ ಸದ್ದಾಗಬಹುದು, ಚಕ್ರ ಉಜ್ಜಬಹುದು. ಇಳಿದು ನೋಡಲು ಸಾಮಾನ್ಯವಾಗಿ ಸಮಯ ಸಿಕ್ಕುವುದು. ಮುಂಭಾಗ ಮುರಿದರೆ ಸವಾರನು ಮುಖ ಅಡಿಯಾಗಿ ನೆಲಕ್ಕೆ ಬೀಳುತ್ತಾನೆ. ಸಾವನದುರ್ಗದ ಕಡೆಯ ಇಳಿಜಾರುಗಳಲ್ಲಿ ಹುಡುಗರು ಬ್ರೇಕು ಬಿಟ್ಟು ಇಳಿಯುವುದನ್ನು ಕಂಡವರಿಗೆ ಹೆಚ್ಚು ಹೇಳಬೇಕಾಗಿಲ್ಲ.

ಪರೀಕ್ಷೆಗೆ ದುಬಾರಿ ಉಪಕರಣ ಬೇಡ. ಹಿಂಚಕ್ರದ ಅಚ್ಚು ಕೂರುವ ಒಂದು ಕಿವಿಗೆ ದಾರ ಕಟ್ಟಿ, ಹ್ಯಾಂಡಲು ಕೂರುವ ಗಿಡ್ಡ ಕೊಳವೆಯನ್ನು ಬಳಸಿ ತಂದು ಇನ್ನೊಂದು ಕಿವಿಗೆ ಬಿಗಿಯಬೇಕು. ಸೀಟಿನ ಕೊಳವೆಗೂ ದಾರಕ್ಕೂ ಇರುವ ಅಂತರ ಎರಡು ಪಕ್ಕಕ್ಕೂ ಸಮನಾಗಿರಬೇಕು. ಆದರೆ ಇದು ಪಕ್ಕಕ್ಕೆ ತಿರುಚಿದ್ದನ್ನು ಮಾತ್ರ ಹೇಳುತ್ತದೆ. ನೇರ ಡಿಕ್ಕಿಯಲ್ಲಿ ಬಾಗಿದ ಚೌಕಟ್ಟು ಈ ಪರೀಕ್ಷೆಯಲ್ಲಿ ಸುಲಭವಾಗಿ ತೇರ್ಗಡೆಯಾಗುವುದು! ಅದಕ್ಕೆ ಬೆರಳೇ ಬೇಕು, ಕೊಳವೆಗಳ ಉದ್ದಕ್ಕೂ ಹಿಡಿಯುವ ಒಂದು ನೇರ ಅಳತೆಪಟ್ಟಿ ಬೇಕು. ಫೋರ್ಕಿನ ಮೇಲ್ಭಾಗವು ಪಕ್ಕದಿಂದ ನೋಡಿದಾಗ ಗಿಡ್ಡ ಕೊಳವೆಯ ನೇರಕ್ಕೇ ಇಳಿದಿರಬೇಕು. ಬಿರುಕಿನ ಸಂಶಯವಿದ್ದರೆ ಬಣ್ಣವನ್ನು ಕೆರೆದು, ಸೀಮೆಎಣ್ಣೆಯನ್ನೋ ಡೀಸೆಲನ್ನೋ ಸವರಿ, ಹತ್ತು ನಿಮಿಷ ಬಿಟ್ಟು, ಒಣಬಟ್ಟೆಯಿಂದ ಚೆನ್ನಾಗಿ ಒರೆಸಿ, ಸೀಮೆಸುಣ್ಣದ ಪುಡಿ ಉದುರಿಸಿರಿ. ಬಿರುಕಿನೊಳಗೆ ನುಗ್ಗಿದ ಎಣ್ಣೆ ಪುಡಿಗೆ ಏರಿ ಕಪ್ಪುಗೆರೆಯಾಗಿ ಕಾಣಿಸಿಕೊಳ್ಳುತ್ತದೆ. ಹಿಂದೆ ರೈಲ್ವೆ ಕಾರ್ಖಾನೆಗಳಲ್ಲಿ ಇದೇ ಉಪಾಯದಿಂದ ಬಿಡಿಭಾಗಗಳ ಬಿರುಕನ್ನು ಹುಡುಕುತ್ತಿದ್ದರು. ಬಣ್ಣದ ಮೇಲೆಯೇ ಈ ಪರೀಕ್ಷೆ ಮಾಡಿದರೆ ಪ್ರಯೋಜನವಿಲ್ಲ. ಚನ್ನಪಟ್ಟಣದ ಗೊಂಬೆಗೆ ಅರಗಿನ ಬಣ್ಣ ಅಲಂಕಾರ. ಹಳೆಯ ಬೈಸಿಕಲ್ಲಿನ ಹೊಸ ಬಣ್ಣದ ಬಗ್ಗೆ ಮಾತ್ರ ಕೊಳ್ಳುವವನು ಮೊದಲು ಪ್ರಶ್ನೆ ಕೇಳಬೇಕು.

ಎಲ್ಲ ಗಾಯಕ್ಕೂ ಹೆದರಬೇಕೆಂದಲ್ಲ. ಗೀಚು, ಮೇಲ್ಮೈಯ ತುಕ್ಕು, ಉಕ್ಕಿನ ಕೊಳವೆಯ ನಡುವೆ ಬಿದ್ದ ಅಂಚಿಲ್ಲದ ಸಣ್ಣ ತಗ್ಗು, ಇವನ್ನು ಗಮನಿಸುತ್ತ ಓಡಿಸಬಹುದು. ಹಿಂದಿನ ಕಿವಿ ಕೊಂಚ ಸೊಟ್ಟಗಾಗಿದ್ದರೆ ಒಮ್ಮೆ ಸರಿಪಡಿಸಬಹುದು. ಬಾಗಿದ ಫೋರ್ಕನ್ನು ನೆಟ್ಟಗೆ ಮಾಡಿಸದೆ ಬದಲಾಯಿಸಬೇಕು. ಎಲ್ಲಿಯೇ ಆಗಲಿ ಬಿರುಕು, ಹ್ಯಾಂಡಲಿನ ಹಿಂದೆ ಮಡಿಕೆ, ಇವೆರಡಕ್ಕೆ ವಿನಾಯಿತಿ ಇಲ್ಲ. ಅಯಸ್ಕಾಂತಕ್ಕೆ ಅಂಟದ ಅಲ್ಯೂಮಿನಿಯಂ ಚೌಕಟ್ಟು ಬಾಗಿದ್ದರೆ ಅಲ್ಲಿಗೆ ಮುಗಿಯಿತು. ಉಕ್ಕಿಗಿರುವಂತೆ ದಣಿಯದ ಮಟ್ಟವೆಂಬುದು ಅದಕ್ಕಿಲ್ಲ. ಬಿರುಕಿನ ಮೇಲೆ ವೆಲ್ಡಿಂಗ್ ಹಾಕಿಸಿದರಾಯಿತು ಎನ್ನುವವರಿದ್ದಾರೆ. ಪಳಗಿದ ಕೈ ಇಡೀ ಕೊಳವೆಯನ್ನೇ ಬದಲಾಯಿಸಿ ಕೂಡಿಸಬಲ್ಲದು, ನಿಜ. ಅದರ ಕೂಲಿಗೆ ಇನ್ನೊಂದು ಹಳೆಯ ಚೌಕಟ್ಟೇ ಬಂದೀತು. ರಸ್ತೆಬದಿಯ ತೇಪೆ ತೆಳುವಾದ ಗೋಡೆಯನ್ನು ಸುಟ್ಟು ಪಕ್ಕದಲ್ಲೇ ಹೊಸ ದುರ್ಬಲ ಜಾಗವನ್ನು ಹುಟ್ಟಿಸಬಹುದು.

ಅಂಗಡಿಯವರನ್ನು ದೂರಿ ಫಲವಿಲ್ಲ. ಅವರು ಗಿರಾಕಿ ಕೇಳಿದ್ದನ್ನು ಮಾಡುತ್ತಾರೆ. ನನ್ನನ್ನು ನಿಜವಾಗಿ ಕಾಡಿದ್ದು ಆ ತಂದೆಯ ಕೊನೆಯ ಮಾತು: "ಹಾಗಾದ್ರೆ ಬಂದಷ್ಟಕ್ಕೆ ಯಾರಿಗಾದ್ರೂ ಮಾರಿಬಿಡ್ತೀನಿ ಬಿಡಿ." ಸಾವಿರದ ಐನೂರು ರೂಪಾಯಿ ಅವರಿಗೆ ಸಣ್ಣ ಮೊತ್ತವಲ್ಲ. ಆದರೆ ಅದನ್ನು ಕೊಳ್ಳುವವನು ಇವರಿಗಿಂತಲೂ ಬಡವನಾಗಿರುತ್ತಾನೆ, ಅವನ ಮಗನ ಪಕ್ಕದಲ್ಲಿ ಭೌತಶಾಸ್ತ್ರದ ಮೇಷ್ಟರು ಇರುವುದಿಲ್ಲ. ಇದನ್ನು ಹೇಳಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಸರಿ, ಏನ್ ಮಾಡಬೇಕೋ ಮಾಡಿ" ಎಂದರು.

ಚಕ್ರ, ಸರಪಣಿ, ಸೀಟು, ಪೆಡಲುಗಳನ್ನು ಬಿಚ್ಚಿ ಇಟ್ಟುಕೊಂಡೆವು. ಎರಡು ವಾರದ ಮೇಲೆ ಸಿಕ್ಕ ಬೇರೊಂದು ಚೌಕಟ್ಟಿಗೆ ಅವು ಹೊಂದಿದವು. ನೀಲಿ ಚೌಕಟ್ಟನ್ನು ಗುಜರಿಗೆ ಹಾಕುವ ಮುನ್ನ ಮತ್ತೆ ಯಾರೂ ಜೋಡಿಸಿಕೊಳ್ಳದಂತೆ ಹುಡುಗನೇ ಗರಗಸದಿಂದ ಓರೆ ಕೊಳವೆಯನ್ನು ಎರಡು ಕಡೆ ಕೊಯ್ದನು. ಆ ತುಂಡು ನಮ್ಮ ಪ್ರಯೋಗಾಲಯದ ಮೇಜಿನ ಮೇಲಿದೆ. ಬಣ್ಣ ಕೆರೆದು ಸೀಮೆಸುಣ್ಣ ಉದುರಿಸಿದಾಗ ಮಡಿಕೆಯ ಗುಂಟ ಉಗುರಿನಷ್ಟು ಉದ್ದದ ಕಪ್ಪುಗೆರೆ ಮೂಡಿತು.