ಅವ್ಯಕ್ತವನ್ನು ಅರಿಯುವ ಗಣಿತ

ಇತ್ತೀಚೆಗೆ ನನ್ನ ಅಕ್ಕನ ಮೊಮ್ಮಗಳು ಗಣಿತದ ನೋಟ್‌ಬುಕ್ ಹಿಡಿದು ಬಂದಳು. ತಿಪಟೂರಿನಲ್ಲಿ ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಈಗ ದ್ವಿತೀಯ ಪಿಯುಸಿ ವಿಜ್ಞಾನದಲ್ಲಿರುವವಳು. 'ಎಕ್ಸ್ ವರ್ಗಕ್ಕೆ ಡಿಫರೆನ್ಷಿಯೇಷನ್ ಮಾಡಿದರೆ ಬರೀ 2 ಎಕ್ಸ್. ವೈ ವರ್ಗಕ್ಕೆ ಮಾಡಿದರೆ 2 ವೈ ಜೊತೆ ಡಿವೈ ಬೈ ಡಿಎಕ್ಸ್ ಯಾಕೆ ಬರುತ್ತೆ ತಾತ?' ಎಂದು ಕೇಳಿದಳು. ಅದು ನಿಯಮ ಎಂದೆ. 'ನಿಯಮ ಅಂತ ನಂಗೂ ಗೊತ್ತು. ಯಾಕೆ ಅಂತ ಕೇಳಿದ್ದು' ಎಂದಳು. ಅರ್ಥಶಾಸ್ತ್ರದಲ್ಲಿ ಎಂ.ಎ. ಮಾಡಿ, ಸರ್ಕಾರಿ ಸೇವೆಯಲ್ಲಿ ಅಂಕಿ-ಅಂಶಗಳ ನಡುವೆಯೇ ಬದುಕಿದ ನಾನು ತಕ್ಷಣ ಉತ್ತರಿಸಲಾಗದೆ ತಡವರಿಸಿದೆ.

ಆಕೆಯ ಪ್ರಶ್ನೆ ಸಣ್ಣದಲ್ಲ. ಕಲನಶಾಸ್ತ್ರದ ಆರಂಭದ ಪಾಠಗಳಲ್ಲಿ ವೈ ಎಂಬುದು ಎಕ್ಸ್‌ನ ಮೂಲಕ ನೇರವಾಗಿ ಹೇಳಲ್ಪಟ್ಟಿರುತ್ತದೆ. ಅಂಥದ್ದು ವ್ಯಕ್ತ ಫಲನ. ಆದರೆ ಎಕ್ಸ್ ವರ್ಗ ಮತ್ತು ವೈ ವರ್ಗಗಳ ಮೊತ್ತ 25 ಎಂದಾಗ ಎರಡೂ ಚರಾಕ್ಷರಗಳು ಒಂದೇ ಷರತ್ತಿಗೆ ಕಟ್ಟುಬಿದ್ದಿವೆ. ವೈ ಎಷ್ಟೆಂದು ಬಿಡಿಸಿ ಹೇಳಿಲ್ಲ, ಸಂಬಂಧವನ್ನಷ್ಟೇ ಹೇಳಿದೆ. ಇದು ಅವ್ಯಕ್ತ ಫಲನ. ಇಲ್ಲಿ ಎಕ್ಸ್ ಕೊಂಚ ಸರಿದರೆ ಷರತ್ತು ಉಳಿಯಲು ವೈ ಕೂಡ ಸರಿಯಲೇಬೇಕು. ವೈ ಸರಿದುದರಿಂದ ವೈ ವರ್ಗವೂ ಬದಲಾಗುತ್ತದೆ. ಆ ನಡುವಣ ಚಲನೆಯ ಲೆಕ್ಕವೇ ಡಿವೈ ಬೈ ಡಿಎಕ್ಸ್. ಅದನ್ನು ಬರೆಯಲು ಮರೆಯುವ ವಿದ್ಯಾರ್ಥಿ ವೈ ಎಂಬುದು ಎಕ್ಸನ್ನು ಅವಲಂಬಿಸಿದೆ ಎಂಬ ಸಂಗತಿಯನ್ನೇ ಮರೆತಿರುತ್ತಾನೆ.

ಗೋಡೆಗೆ ಒರಗಿಸಿದ 5 ಮೀಟರ್ ಉದ್ದದ ಏಣಿಯನ್ನು ನೆನೆಯಿರಿ. ಅದರ ಬುಡ ಗೋಡೆಯಿಂದ 3 ಮೀಟರ್ ದೂರದಲ್ಲಿದ್ದರೆ ತುದಿ 4 ಮೀಟರ್ ಎತ್ತರದಲ್ಲಿರುತ್ತದೆ. ಬುಡವನ್ನು 1 ಸೆಂಟಿಮೀಟರ್ ಹೊರಗೆಳೆದರೆ ತುದಿ ಸುಮಾರು ಮುಕ್ಕಾಲು ಸೆಂಟಿಮೀಟರ್ ಇಳಿಯುತ್ತದೆ. ಬುಡ 4 ಮೀಟರ್ ದೂರಕ್ಕೆ ಬಂದಿದ್ದಾಗ ಅಷ್ಟೇ ಎಳೆದರೆ ಇಳಿತ 1.3 ಸೆಂಟಿಮೀಟರ್ ದಾಟುತ್ತದೆ. ಏಣಿಯ ಉದ್ದ ಬದಲಾಗದು ಎಂಬ ಒಂದೇ ಷರತ್ತಿನಿಂದ ಇಷ್ಟೆಲ್ಲ ತಿಳಿಯುತ್ತದೆ. ನಮ್ಮ ಮಕ್ಕಳು ಓದುವ ಎನ್‌ಸಿಇಆರ್‌ಟಿ ಪುಸ್ತಕದಲ್ಲಿ ಅವ್ಯಕ್ತ ಅವಕಲನ ಐದನೆಯ ಅಧ್ಯಾಯದಲ್ಲಿದೆ, ಏಣಿಯ ಲೆಕ್ಕ ಆರನೆಯದರಲ್ಲಿದೆ. ಎರಡೂ ಒಂದೇ ಸಮೀಕರಣ ಎಂದು ಎಷ್ಟು ತರಗತಿಗಳಲ್ಲಿ ಹೇಳಿಕೊಡಲಾಗುತ್ತದೆ?

ಈ ವಿಷಯ ಹುಟ್ಟಿದ್ದೂ ಪರೀಕ್ಷೆಗಾಗಿ ಅಲ್ಲ, ಕುತೂಹಲಕ್ಕಾಗಿ. 1638ರಲ್ಲಿ ಫ್ರಾನ್ಸಿನ ದೇಕಾರ್ತ್, ಎಕ್ಸ್ ಘನ ಮತ್ತು ವೈ ಘನಗಳು ಬೆರೆತ ಒಂದು ವಕ್ರರೇಖೆಯನ್ನು ಮುಂದಿಟ್ಟು, ಇದಕ್ಕೆ ಸ್ಪರ್ಶಕ ಎಳೆಯಿರಿ ಎಂದು ಫರ್ಮಾಗೆ ಸವಾಲು ಹಾಕಿದ. ಅಲ್ಲಿ ವೈಯನ್ನು ಬೇರ್ಪಡಿಸುವುದು ಬಲು ತೊಡಕಿನ ಕೆಲಸ. ಆದರೂ ಫರ್ಮಾ ಉತ್ತರ ಕೊಟ್ಟ. ಇಂದು ಹದಿನೇಳರ ಹುಡುಗಿ ಅದನ್ನು ನಾಲ್ಕು ಸಾಲಿನಲ್ಲಿ ಬಿಡಿಸಬಲ್ಲಳು. ಆ ನಾಲ್ಕು ಸಾಲಿನ ಬೆಲೆಯನ್ನು ನಾವು ಆಕೆಗೆ ತಿಳಿಸುತ್ತಿಲ್ಲ ಎಂಬುದೇ ನನ್ನ ದೂರು.

ಅದಕ್ಕೆ ಕಾರಣಗಳಿಲ್ಲದಿಲ್ಲ. ಸಿಇಟಿಯ ಗಣಿತ ಪತ್ರಿಕೆಯಲ್ಲಿ 60 ಪ್ರಶ್ನೆಗಳಿಗೆ 80 ನಿಮಿಷ. ಅಂದರೆ ಪ್ರಶ್ನೆಯೊಂದಕ್ಕೆ 80 ಸೆಕೆಂಡ್. ಎಕ್ಸ್‌ಗೆ ಸಂಬಂಧಿಸಿದ ಅವಕಲನವನ್ನು ವೈಗೆ ಸಂಬಂಧಿಸಿದ್ದರಿಂದ ಭಾಗಿಸಿ, ಋಣ ಚಿಹ್ನೆ ಹಾಕು ಎಂಬ ಸೂತ್ರವನ್ನು ಕೋಚಿಂಗ್ ತರಗತಿಗಳು ಬಾಯಿಪಾಠ ಮಾಡಿಸುತ್ತವೆ. ಸೂತ್ರ ಸರಿಯಾಗಿಯೇ ಇದೆ. ರ‍್ಯಾಂಕ್ ಬಯಸುವ ತಂದೆ-ತಾಯಿಯರನ್ನಾಗಲಿ, ಪಠ್ಯ ಮುಗಿಸಬೇಕಾದ ಉಪನ್ಯಾಸಕರನ್ನಾಗಲಿ ದೂರಿ ಫಲವಿಲ್ಲ. ಸಾಲದ್ದಕ್ಕೆ, 2022ರಲ್ಲಿ ಪಠ್ಯದ ಹೊರೆ ಇಳಿಸುವಾಗ ಎನ್‌ಸಿಇಆರ್‌ಟಿ ಸ್ಪರ್ಶಕ ಮತ್ತು ಅಭಿಲಂಬಗಳ ಭಾಗವನ್ನೇ ಕೈಬಿಟ್ಟಿತು. ಅವಕಲನಕ್ಕೆ ಕಣ್ಣಿಗೆ ಕಾಣುವ ಅರ್ಥ ಕೊಡುತ್ತಿದ್ದ ಭಾಗವದು. ಹೊರೆ ಇಳಿದಿದೆ, ಜೊತೆಗೆ ಅರ್ಥವೂ ಇಳಿದುಹೋಗಿದೆ.

ಈ ಬಾಯಿಪಾಠದ ನಷ್ಟ ಏನೆಂಬುದನ್ನು ನಾನು ಸ್ವತಃ ಅನುಭವಿಸಿದ್ದೇನೆ. ಎಂ.ಎ. ತರಗತಿಯಲ್ಲಿ ಔದಾಸೀನ್ಯ ವಕ್ರರೇಖೆಯ ಇಳಿಜಾರು ಎರಡು ಸರಕುಗಳ ಸೀಮಾಂತ ತುಷ್ಟಿಗುಣಗಳ ಅನುಪಾತಕ್ಕೆ ಸಮ ಎಂದು ಬರೆದು ಅಂಕ ಗಿಟ್ಟಿಸಿದೆ. ಅದು ಅವ್ಯಕ್ತ ಅವಕಲನವೇ ಎಂದು ಆಗ ಹೊಳೆದಿರಲಿಲ್ಲ. ಒಟ್ಟು ತೃಪ್ತಿ ಬದಲಾಗಕೂಡದು ಎಂಬ ಷರತ್ತಿನಲ್ಲಿ ಒಂದು ಸರಕನ್ನು ಕೊಂಚ ಹೆಚ್ಚಿಸಿದರೆ ಇನ್ನೊಂದನ್ನು ಎಷ್ಟು ಬಿಟ್ಟುಕೊಡಬೇಕು ಎಂಬುದು ಅದರ ತಿರುಳು. ಒಟ್ಟು ವೆಚ್ಚಕ್ಕೆ ಮಿತಿ ಹಾಕಿ ಆಯವ್ಯಯ ಸಿದ್ಧಪಡಿಸುವಾಗಲೂ ಇದೇ ಪ್ರಶ್ನೆ. ಒಂದು ಬಾಬ್ತಿಗೆ ಸೇರಿಸಿದ ಹಣ ಇನ್ನೊಂದರಿಂದ ಕಳೆಯುತ್ತದೆ. ಯಾವುದರಿಂದ, ಎಷ್ಟು ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಹೇಳದೆ ಉಳಿದ ಅವಲಂಬನೆಯನ್ನು ಗುರುತಿಸುವ ಅಭ್ಯಾಸ ಪ್ರಜೆಗೂ ಬೇಕು, ಅಧಿಕಾರಿಗೂ ಬೇಕು.

ಭಾಷೆಯ ಮಾತನ್ನೂ ಇಲ್ಲಿ ಹೇಳಬೇಕು. 'ಇಂಪ್ಲಿಸಿಟ್' ಎಂಬ ಪದ ಆ ಹುಡುಗಿಗೆ ಬರೀ ಸದ್ದಾಗಿತ್ತು. 'ಅವ್ಯಕ್ತ' ಎಂದ ಕೂಡಲೇ, 'ಓ, ಇದೆ, ಆದರೆ ಹೇಳಿಲ್ಲ' ಎಂದಳು. ಹನ್ನೆರಡನೆಯ ಶತಮಾನದ ಭಾಸ್ಕರಾಚಾರ್ಯರ ಪರಂಪರೆಯಲ್ಲಿ ಬೀಜಗಣಿತಕ್ಕೆ ಅವ್ಯಕ್ತಗಣಿತವೆಂದೇ ಹೆಸರು. ಇಂಗ್ಲಿಷ್ ಪದವನ್ನು ಬಿಡಬೇಕೆಂದು ನಾನು ಹೇಳುತ್ತಿಲ್ಲ. ಮುಂದಿನ ಓದಿಗೆ ಅದು ಬೇಕೇಬೇಕು. ಪಕ್ಕದಲ್ಲಿ ಕನ್ನಡದ ಪದವೂ ಇದ್ದರೆ, ಮಾಧ್ಯಮ ಬದಲಿಸಿ ಬರುವ ಮಕ್ಕಳು ಅರ್ಥವನ್ನು ಕಳೆದುಕೊಳ್ಳುವುದಿಲ್ಲ.

ಪಠ್ಯಕ್ರಮವನ್ನು ಬುಡಮೇಲು ಮಾಡದೆಯೂ ಮೂರು ಕೆಲಸ ಸಾಧ್ಯ. ಪಾರಿಭಾಷಿಕ ಪದಗಳ ದ್ವಿಭಾಷಾ ಪಟ್ಟಿಯನ್ನು ಪ್ರತಿ ಪಿಯು ವಿದ್ಯಾರ್ಥಿಯ ಕೈಗಿಡುವುದು. ಏಣಿಯನ್ನೋ ವೃತ್ತವನ್ನೋ ಮುಂದಿಟ್ಟುಕೊಂಡು ಈ ಪಾಠಕ್ಕೆ ಅವಸರವಿಲ್ಲದ ಎರಡು ಪೀರಿಯಡ್ ಮೀಸಲಿಡುವುದು. ವಾರ್ಷಿಕ ಪರೀಕ್ಷೆಯಲ್ಲಿ ಅರ್ಥವನ್ನು ಕೆದಕುವ ಒಂದು ಪ್ರಶ್ನೆಯನ್ನಾದರೂ ಕೇಳುವುದು. ಉದಾಹರಣೆಗೆ, ವೃತ್ತದ ಯಾವ ಬಿಂದುಗಳಲ್ಲಿ ಈ ಸೂತ್ರ ಉತ್ತರ ಕೊಡುವುದಿಲ್ಲ, ಏಕೆ? ಅಲ್ಲಿ ಛೇದ ಸೊನ್ನೆಯಾಗುತ್ತದೆ, ಸ್ಪರ್ಶಕ ನೆಟ್ಟಗೆ ನಿಲ್ಲುತ್ತದೆ. ಇದನ್ನು ಹೇಳಲು ಸೂತ್ರವೊಂದೇ ಸಾಲದು, ಚಿತ್ರ ಮನಸ್ಸಿನಲ್ಲಿರಬೇಕು.

ಆ ಸಂಜೆ ನಾವಿಬ್ಬರೂ ಹಿತ್ತಲಲ್ಲಿದ್ದ ಏಣಿಯನ್ನು ಗೋಡೆಗೆ ಒರಗಿಸಿ, ಬುಡವನ್ನು ಇಷ್ಟಿಷ್ಟೇ ಎಳೆದು, ಟೇಪು ಹಿಡಿದು ಅಳೆದೆವು. ಅಳತೆ ಕರಾರುವಾಕ್ಕಾಗಿರಲಿಲ್ಲ. ಆದರೆ ಡಿವೈ ಬೈ ಡಿಎಕ್ಸ್ ಏಕೆ ಬರುತ್ತದೆಂದು ಆಕೆ ಮತ್ತೆ ಕೇಳಲಿಲ್ಲ. ಅರ್ಧ ಗಂಟೆ ಹಿಡಿಯಿತು. ನಮ್ಮ ಕಾಲೇಜುಗಳಲ್ಲಿ ಆ ಅರ್ಧ ಗಂಟೆಗೆ ಎಡೆಯಿಲ್ಲದಿದ್ದರೆ, ಅದು ಮಕ್ಕಳ ಕೊರತೆಯಂತೂ ಅಲ್ಲ.